ಭೂಪಟದಲ್ಲಿ ಸಿಕ್ಕ ಸುರಬಾಯಿ

ಈ ವರ್ಷ ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸಲು ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಭಾನುವಾರ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು: "ಅಕ್ಕೋರ, ಮಹಾಯುದ್ಧ, ವಸಾಹತುಗಳ ಬಿಡುಗಡಿ, ಇವನ್ನೆಲ್ಲಾ ಹ್ಯಾಂಗ ಕಲಸ್ಬೇಕ್ರಿ? ಹುಡುಗ್ರು ಆಕಳಸ್ತಾರ."

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ಆ ಹೆಸರು ಬಿಟ್ಟಿಲ್ಲ. ಅವಳ ಪ್ರಶ್ನೆಗೆ ಆವತ್ತು ನನಗೆ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಆ ಪಾಠಗಳನ್ನು ಮಾಡುವಾಗ ಮಕ್ಕಳು ಆಕಳಿಸಿರಬಹುದು. ನಾನು ಮಾತ್ರ ಎಷ್ಟೋ ಸಲ ಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ದಿಗ್ಭ್ರಮೆಯಿಂದ ನಿಂತುಬಿಟ್ಟಿದ್ದೇನೆ. ಅಂಥ ಕೆಲವನ್ನು ಆ ಹುಡುಗಿಯರಿಗಾಗಿ ಬರೆದಿಡುತ್ತೇನೆ. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದನ್ನು ಓದಿ ಅವರಿಗೆ ಏನೂ ಆಗಬೇಕಾಗಿಲ್ಲ.

ಮೊದಲ ಊರು ನರಗುಂದ. ಆಗ ಇತಿಹಾಸದ ಪಾಠವೆಂದರೆ ಟಿಪ್ಪಣಿ ಬರೆಸುವುದು. ಯುದ್ಧದ ಕಾರಣಗಳು ಇಷ್ಟು, ಪರಿಣಾಮಗಳು ಇಷ್ಟು. ಬರೆದುಕೊಳ್ಳಿ, ಬಾಯಿಪಾಠ ಮಾಡಿ. ನಮ್ಮ ಹೆಡ್ ಮಾಸ್ತರರೂ ಅದನ್ನೇ ಹೇಳುತ್ತಿದ್ದರು: "ಪರೀಕ್ಷಾದಾಗ ಬರೂದಷ್ಟ ಹೇಳ್ರಿ ಅಕ್ಕೋರ. ಆ ಲಡಾಯಿ ಮುಗದು ಭಾಳ ದಿನಾ ಆತು." ಒಂದು ದಿನ ನನಗೇ ಬೇಸರ ಬಂದು ಟಿಪ್ಪಣಿ ಬದಿಗಿಟ್ಟೆ. ಎರಡನೇ ಮಹಾಯುದ್ಧಕ್ಕೆ ಕಾರಣನಾದ ಜರ್ಮನಿಯ ಸರ್ವಾಧಿಕಾರಿಯ ಬಗ್ಗೆ ನಿಮಗೇನು ಅನಿಸುತ್ತದೆ ಎಂದು ಕೇಳಿದೆ. ಮಕ್ಕಳು ಅವನನ್ನು ಬೈಯುತ್ತಾರೆ ಎಂದುಕೊಂಡಿದ್ದೆ.

ವರ್ಗದ ಜಾಣ ಹುಡುಗ ಪ್ರಕಾಶ ಎದ್ದು ನಿಂತ. "ಅಂಥಾವ ನಮಗೂ ಒಬ್ಬ ಬೇಕ್ರಿ ಅಕ್ಕೋರ. ಕೈಲಾಗದವರನ್ನೆಲ್ಲಾ ಸರಸಿಬಿಟ್ಟ. ಅದಕ್ಕ ಅವರ ದೇಶ ಲಗೂ ಮುಂದ ಬಂತು."

ಇಡೀ ವರ್ಗ ಚಪ್ಪಾಳೆ ತಟ್ಟಿತು. ಮೊದಲ ಬೆಂಚಿನಲ್ಲಿ ಈರಣ್ಣ ಕೂಡುತ್ತಿದ್ದ. ಪೋಲಿಯೊ ಆದ ಹುಡುಗ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಅವನೇ.

"ಸರಸಿದ ಅಂದ್ರ ಏನು ಗೊತ್ತೈತೇನು? ಕೊಲ್ಲಿಸಿದ," ಎಂದೆ. ಲಕ್ಷಗಟ್ಟಲೆ ಯಹೂದಿಗಳನ್ನು ಕೊಲ್ಲಿಸುವ ಮೊದಲೇ ಅವನು ತನ್ನದೇ ದೇಶದ ದವಾಖಾನೆಗಳಲ್ಲಿದ್ದವರನ್ನು, ಬುದ್ಧಿ ಬೆಳೆಯದ ಮಕ್ಕಳನ್ನು, ಕೈಕಾಲು ನೆಟ್ಟಗಿಲ್ಲದ ಮಕ್ಕಳನ್ನು ಕೊಲ್ಲಿಸಿದ್ದನ್ನು ಹೇಳಿದೆ.

ಈರಣ್ಣನ ಕೈಗಳು ಹಾಗೇ ನಿಂತವು. "ನನ್ನಂಥಾವರ್ನೂ ಏನ್ರಿ?" ಎಂದ.

"ಹೌದಪಾ."

ಪ್ರಕಾಶ ಇನ್ನೂ ಕೂತಿರಲಿಲ್ಲ. "ಇದು ಪುಸ್ತಕದಾಗ ಇಲ್ಲಲ್ರಿ," ಎಂದ. ನಮ್ಮ ಪುಸ್ತಕದಲ್ಲಿ ನಿಜವಾಗಿಯೂ ಅದು ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಓದಿಕೊಂಡು ಹೋಗದೆ ಆ ವರ್ಗಕ್ಕೆ ಕಾಲಿಡಬಾರದು ಎಂಬುದು ಆವತ್ತು ನನಗೆ ಗೊತ್ತಾಯಿತು. ರಜೆ ಸಿಕ್ಕಾಗಲೆಲ್ಲ ಧಾರವಾಡದ ಲೈಬ್ರರಿಗೆ ಹೋಗುವ ಚಟ ಹತ್ತಿದ್ದು ಆಗಿನಿಂದಲೇ.

ಕೊನೆಯ ವರ್ಷಗಳು ಗಜೇಂದ್ರಗಡದಲ್ಲಿ ಕಳೆದವು. ಅಷ್ಟರಲ್ಲಿ ಗೋಡೆಯ ಮೇಲೆ ಚಿತ್ರ ಬೀಳುವ ಯಂತ್ರ ಬಂದಿತ್ತು. ಯುದ್ಧ ಎಂದರೇನೆಂದು ಈಗ ಕಣ್ಣಿಗೇ ತೋರಿಸಬಹುದಲ್ಲ ಎಂದು ಭಾಳ ಹುರುಪಿನಲ್ಲಿದ್ದೆ. ಬಾಂಬು ಬಿದ್ದು ನೆಲಸಮವಾದ ಒಂದು ಪಟ್ಟಣದ ಹಳೆಯ ಚಲನಚಿತ್ರ ಹಾಕಿದೆ. ವಿಮಾನದಿಂದ ತೆಗೆದದ್ದು, ಕೆಳಗೆ ಮನೆಗಳು ಸಾಲಾಗಿ ಸಿಡಿಯುತ್ತಿದ್ದವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಗ್ರಾಫಿಕ್ಸ್ ಭಾಳ ಕಚ್ಚಾ ಐತ್ರಿ ಅಕ್ಕೋರ," ಎಂದ. ಎಲ್ಲರೂ ನಕ್ಕರು. ತುಂಟತನಕ್ಕೆ ಹೇಳಿದ್ದಲ್ಲ. ಮೊಬೈಲಿನ ಆಟಗಳಲ್ಲಿ ಅವನು ಇದಕ್ಕಿಂತ ಚೆನ್ನಾಗಿ ಸಿಡಿಯುವ ಮನೆಗಳನ್ನು ದಿನಾಲೂ ನೋಡುತ್ತಿದ್ದ. ನಾನು ಯಂತ್ರ ನಿಲ್ಲಿಸಿ, "ಆ ಮನಿಯೊಳಗ ಮಂದಿ ಇದ್ರು," ಎಂದೆ. "ಖರೇ ಮಂದಿ ಏನ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಬೆಚ್ಚಿದಷ್ಟು ಬಾಂಬಿನ ಚಿತ್ರಕ್ಕೆ ಯಾರೂ ಬೆಚ್ಚಲಿಲ್ಲ. ಕಣ್ಣಿಗೆ ತೋರಿಸಿದರೆ ಸಾಕು ಎಂಬ ಭ್ರಮೆ ಅಲ್ಲಿಗೆ ಬಿಟ್ಟುಹೋಯಿತು.

ಈ ಎರಡೂ ಊರುಗಳ ನಡುವೆ ರೋಣದಲ್ಲಿ ಕೆಲಸ ಮಾಡಿದೆ. ನಾನು ನಿಜವಾಗಿ ಹೇಳಬೇಕಾದದ್ದು ಅಲ್ಲಿಯದು.

ಮೊಬೈಲು ಇನ್ನೂ ಬಂದಿರದ ಕಾಲ. ಹತ್ತನೇ ತರಗತಿಗೆ ಏಷ್ಯಾ, ಆಫ್ರಿಕಾದ ದೇಶಗಳು ಸ್ವತಂತ್ರವಾದ ಪಾಠ ನಡೆದಿತ್ತು. ಇಂಡೋನೇಷ್ಯಾಕ್ಕೆ ಪುಸ್ತಕದಲ್ಲಿ ಒಂದು ಸಣ್ಣ ಪರಿಚ್ಛೇದ. ಡಚ್ಚರ ಆಳ್ವಿಕೆ, ಯುದ್ಧದಲ್ಲಿ ಜಪಾನೀಯರ ವಶ, ಆಮೇಲೆ ಸ್ವಾತಂತ್ರ್ಯ. ಅಷ್ಟೇ. ನನಗೆ ಭೂಪಟ ತೂಗುಹಾಕದೆ ಪಾಠ ಮಾಡಿ ಗೊತ್ತಿಲ್ಲ. ಕೋಲಿನಿಂದ ಜಾವಾ ದ್ವೀಪ ತೋರಿಸಿ, ಅದರ ಬಂದರುಗಳನ್ನು ಓದುತ್ತ ಹೋದೆ. "ಇದು ಸುರಬಾಯಾ," ಎಂದೆ.

ಎರಡನೇ ಬೆಂಚಿನಿಂದ ಕಸ್ತೂರಿ ದಿಢೀರನೆ ಎದ್ದಳು. ಅಬ್ಬಿಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಕೇಳಿದ್ದಕ್ಕೆ ಉತ್ತರ ಹೇಳುವುದು ಬಿಟ್ಟರೆ ತಾನಾಗಿ ಬಾಯಿ ಬಿಟ್ಟವಳಲ್ಲ.

"ಅದು ಊರಲ್ರಿ ಅಕ್ಕೋರ. ಹೆಂಗಸು."

"ಏನಂದಿ?"

"ಸುರಬಾಯಿ ಅಂದ್ರ ಹೆಂಗಸ್ರಿ. ನಮ್ಮಜ್ಜ ಮಿಲ್ಟ್ರಿಯೊಳಗಿದ್ದಾಗ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಆದರೆ ವರ್ಗಕ್ಕೆ ಅಷ್ಟು ಸಾಕಾಗಿತ್ತು. ಹುಡುಗರು ಬೆಂಚು ಬಡಿದು ನಕ್ಕರು. ಕಸ್ತೂರಿ ಮುಖ ಮುಚ್ಚಿಕೊಂಡು ಅತ್ತಳು.

ಊಟದ ಬಿಡುವಿನಲ್ಲಿ ಅವಳನ್ನು ಒಬ್ಬಳನ್ನೇ ಕರೆದು ಕೇಳಿದೆ. ಅವಳ ಅಜ್ಜ ಫಕೀರಪ್ಪ ಬ್ರಿಟಿಷರ ಕಾಲದಲ್ಲಿ ಬೆಳಗಾವಿಗೆ ಹೋಗಿ ಫೌಜಿಗೆ ಭರ್ತಿಯಾಗಿ, ಸಮುದ್ರ ದಾಟಿ ಯುದ್ಧಕ್ಕೆ ಹೋಗಿದ್ದವರು. ತಿರುಗಿ ಬಂದ ಮೇಲೆ ನಿದ್ದೆಯಲ್ಲಿ "ಸುರಬಾಯಿ, ಸುರಬಾಯಿ" ಎಂದು ಬಡಬಡಿಸುತ್ತಿದ್ದರಂತೆ. ಆಗಷ್ಟೇ ಮದುವೆಯಾಗಿದ್ದ ಗಂಗವ್ವ ಏನು ತಿಳಿದುಕೊಳ್ಳಬೇಕು? ಯಾರವಳು ಎಂದು ಕೇಳಿದರೆ ಗಂಡ ತುಟಿ ಬಿಚ್ಚಲಿಲ್ಲ. ಆವತ್ತಿನಿಂದ ಮನೆಯಲ್ಲಿ ಯಾವ ಜಗಳ ಎದ್ದರೂ ಅದು ಸುರಬಾಯಿಗೇ ಹೋಗಿ ಮುಟ್ಟುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ, "ನಿಮ್ಮ ಸುರಬಾಯಿ ಚಲೋ ಮಾಡತಿದ್ದಳೇನೋ, ಅಲ್ಲೇ ಹೋಗ್ರಿ" ಎನ್ನುತ್ತಿದ್ದರಂತೆ ಗಂಗವ್ವ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಅದನ್ನು ಕೇಳಿಯೇ ಬೆಳೆದಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಒಬ್ಬ ಹೆಂಗಸು ಇಲ್ಲದ ಸವತಿಯ ಜೊತೆ ಜನ್ಮವಿಡೀ ಜಗಳವಾಡಿದ್ದಾಳೆ! ಆ ಮುದುಕಿಗೆ ನಿಜ ತಿಳಿಸಿದರೆ ಎಷ್ಟು ಖುಷಿಯಾದೀತು ಎಂದುಕೊಂಡು, ಬರುವ ಭಾನುವಾರವೇ ಭೂಪಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಬ್ಬಿಗೇರಿಯ ಬಸ್ಸು ಹತ್ತಿದೆ.

ಗಂಗವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದರು. ಅಜ್ಜ ಕಂಬಕ್ಕೆ ಒರಗಿದ್ದರು. ಎತ್ತರದ ಆಳು, ಆ ವಯಸ್ಸಿನಲ್ಲೂ ಬೆನ್ನು ಬಾಗಿರಲಿಲ್ಲ. "ಬರ್ರಿ ಅಕ್ಕೋರ, ಕೂಡ್ರಿ. ನಮ್ಮ ಹುಡಿಗಿ ಏನರ ತಪ್ಪು ಮಾಡ್ಯಾಳೇನು?" ಎಂದರು ಗಂಗವ್ವ. ಇಲ್ಲವೆಂದು ಹೇಳಿ, ನೆಲದ ಮೇಲೆ ಭೂಪಟ ಹಾಸಿದೆ. ರೋಣ ಇರುವ ಜಾಗದಲ್ಲಿ ಒಂದು ಕಡಲೆಕಾಳು ಇಟ್ಟೆ. ಸಮುದ್ರದಾಚೆ ಇನ್ನೊಂದು ಕಾಳು ಇಟ್ಟು, "ಇದ ನೋಡ್ರಿ ನಿಮ್ಮ ಸುರಬಾಯಿ. ಹೆಂಗಸಲ್ಲ, ಊರು. ದೊಡ್ಡ ಬಂದರದ ಊರು," ಎಂದೆ.

ಗಂಗವ್ವ ಕಾಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. "ಊರು?" ಎಂದರು. "ಇಷ್ಟ ವರ್ಷ ನಾ ಬಾಯಿಗೆ ಬಂದಂಗ ಬೈದೀನಿ. ಊರು ಅಂತ ಒಂದ ಮಾತು ಹೇಳಾಕ ಏನಾಗಿತ್ತು ನಿಮಗ?"

ಅಜ್ಜನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಅವರು ಭೂಪಟದ ಮೇಲಿನ ಆ ಕಾಳನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ನಾಚಿಕೆಯಾಗಿರಬೇಕು ಎಂದುಕೊಂಡೆ. ಗಂಗವ್ವ ಕೊಟ್ಟ ಚುರುಮುರಿ ತಿಂದು, ಒಳ್ಳೆಯ ಕೆಲಸ ಮಾಡಿದ ಹಿಗ್ಗಿನಲ್ಲಿ ರೋಣಕ್ಕೆ ಬಂದೆ.

ಮರುದಿನ ಕಸ್ತೂರಿ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಹತ್ತನೇ ತರಗತಿಯ ಹೆಣ್ಣುಮಗಳು ಒಮ್ಮೆ ಶಾಲೆ ತಪ್ಪಿಸಿದರೆ ಮತ್ತೆ ತಿರುಗಿ ಬರದ ಕಾಲ ಅದು. ಹೆಡ್ ಮಾಸ್ತರರು, "ಮಂದಿ ಮನಿ ವಿಚಾರಕ್ಕ ನೀವ್ಯಾಕ ಹೋದ್ರಿ ಅಕ್ಕೋರ?" ಎಂದು ಗದರಿದರು. ಮುಂದಿನ ಭಾನುವಾರ ಮತ್ತೆ ಅಬ್ಬಿಗೇರಿಗೆ ಹೋದೆ.

ಒಲೆಯ ಮುಂದೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಪ್ಪ ಅವ್ವ ಹೊಲಕ್ಕೆ ಹೋಗಿದ್ದರು. ಗಂಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಆಯಿ ಏನೂ ಉಣ್ಣವಲ್ಲಳ್ರಿ," ಎಂದಳು ಹುಡುಗಿ. ನಾನು ಹೋದ ಮೇಲೆ ಆವತ್ತು ಸಂಜೆ ಅಜ್ಜ ಹೆಂಡತಿಯನ್ನು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದ್ದರಂತೆ. ಏನು ಹೇಳಿದರೋ ಅವಳಿಗೆ ಗೊತ್ತಿಲ್ಲ.

ನನ್ನ ದನಿ ಕೇಳಿ ಗಂಗವ್ವ ಎದ್ದು ಕೂತರು. ಒಂದೇ ವಾರದಲ್ಲಿ ಹತ್ತು ವರ್ಷ ಮುಪ್ಪಾದವರಂತೆ ಕಾಣುತ್ತಿದ್ದರು. ನಾನು ಕೈಮುಗಿದೆ.

"ಹೆಂಗಸ ಆಗಿದ್ರ ಚಲೋ ಇತ್ರೀ ಅಕ್ಕೋರ," ಎಂದರು ಅವರು. "ಆಕಿ ಜೋಡಿ ಜಗಳಾ ಮಾಡತಿದ್ದೆ, ಎದಿ ಹಗರ ಆಗತಿತ್ತು. ಈಗ ಯಾರ ಜೋಡಿ ಜಗಳಾ ಮಾಡ್ಲಿ?"

ನನ್ನ ಹಿಂದೆ ಬಾಗಿಲಲ್ಲಿ ಅಜ್ಜ ಬಂದು ನಿಂತದ್ದು ಗೊತ್ತಾಗಲಿಲ್ಲ. "ನೀವು ಹೋಗ್ರಿ ಅಕ್ಕೋರ," ಎಂದರು. "ಕಸ್ತೂರಿನ್ನ ನಾಳೆ ನಾನ ಸಾಲಿಗೆ ಕರಕೊಂಡ ಬರ್ತೀನಿ."

ಮಾತಿನಂತೆ ಮರುದಿನ ಬಂದರು. ಬಿಳಿ ಅಂಗಿ, ಧೋತರ, ತಲೆಗೆ ರುಮಾಲು. ಮೊಮ್ಮಗಳನ್ನು ಅವಳ ಜಾಗಕ್ಕೆ ಕಳಿಸಿ ತಾವು ಬಾಗಿಲಲ್ಲೇ ನಿಂತು, "ಆ ನಕಾಶಿ ಹಾಕ್ರಿ," ಎಂದರು. ನಾನು ಭೂಪಟ ತೂಗುಹಾಕಿದೆ. ಒಳಗೆ ಬಂದು, ನಾನು ಆವತ್ತು ಕಾಳು ಇಟ್ಟಿದ್ದ ಜಾಗ ಹುಡುಕಿ, ಬೆರಳಿಟ್ಟರು. ಆಮೇಲೆ ಮಕ್ಕಳ ಕಡೆ ತಿರುಗಿದರು.

"ಈ ಹುಡಿಗಿ ಅಳೂಹಂಗ ನಕ್ಕೀರಂತ. ಇಲ್ಲಿ ಏನಾತು ಹೇಳ್ತೀನಿ ಕೇಳ್ರಿ. ಕೇಳಿದ ಮ್ಯಾಲೆ ನಗ್ರಿ."

ಜಪಾನ್ ಶರಣಾಗಿತ್ತು. ಯುದ್ಧ ಮುಗಿಯಿತು, ಇನ್ನು ಊರಿಗೆ ಹೋಗುವುದೇ ಎಂದು ಸಿಪಾಯಿಗಳೆಲ್ಲ ಗಂಟು ಕಟ್ಟಿಕೊಂಡು ಕೂತಿದ್ದರಂತೆ. ಊರಿಗೆ ಹೋಗುವ ಬದಲು ಅವರನ್ನು ಜಾವಾಕ್ಕೆ ಕಳಿಸಿದರು. ಜಪಾನೀಯರು ಸೆರೆಯಿಟ್ಟಿದ್ದ ಬಿಳಿಯರನ್ನು ಬಿಡಿಸಿ ತರುವ ಕೆಲಸವಷ್ಟೇ ಎಂದು ಹೇಳಿದ್ದರಂತೆ. ಹಡಗು ಇಳಿದು ನೋಡಿದರೆ ಊರ ತುಂಬ ಕೆಂಪು ಬಿಳಿ ಬಾವುಟಗಳು. ಅಲ್ಲಿನ ಜನ ನಮಗೆ ಸ್ವಾತಂತ್ರ್ಯ ಬಂದಿದೆ, ಡಚ್ಚರನ್ನು ಮತ್ತೆ ಕಾಲಿಡಗೊಡುವುದಿಲ್ಲ ಎಂದು ನಿಂತಿದ್ದರು. ಕೆಲವೇ ದಿನಗಳಲ್ಲಿ ಹೊಡೆದಾಟ ಹತ್ತಿತು.

"'ಮೆರ್ದೇಕಾ, ಮೆರ್ದೇಕಾ' ಅಂತ ಒದರಿಕೋತ ಬರತಿದ್ರು. ಅದು ಏನೋ ಬೈಗಳ ಅಂತ ತಿಳದಿದ್ವಿ. ನಮ್ಮ ಹವಾಲ್ದಾರ ಯಾರನ್ನೋ ಕೇಳಿ ಬಂದು ಹೇಳಿದ: ಬೈಗಳಲ್ಲೋ, ಸ್ವರಾಜ್ಯ ಅಂತ ಅದರ ಅರ್ಥ. ತಿಳದ ಮ್ಯಾಲೂ ಹುಕುಂ ಬಂತು. ಹುಕುಂ ಬಂದ ಮ್ಯಾಲೆ ಹೊಡದ್ವಿ."

ಹೇಳುತ್ತಿದ್ದವರು ನಿಂತು, ಬೆಂಚುಗಳನ್ನು ಒಂದೊಂದಾಗಿ ನೋಡಿದರು.

"ಅವರ ಕೈಯಾಗ ಏನಿತ್ತಂತೀರಿ? ಬಿದರು. ತುದಿ ಚೂಪ ಮಾಡಿದ ಬಿದರಿನ ಗಳ. ನಮ್ಮ ಕಡೆ ಮಶೀನ್ ಗನ್. ಅವರೊಳಗ ಸಾಲಿ ಹುಡುಗ್ರು ಭಾಳ ಇದ್ರು. ನಿಮ್ಮಷ್ಟ. ಮೀಸಿ ಬಂದಿರಲಿಲ್ಲ. ಬೀಳತಿದ್ರು, ಹಿಂದಿನವರು ದಾಟಿ ಮತ್ತ ಬರತಿದ್ರು. ನಮ್ಮವರೂ ಭಾಳ ಮಂದಿ ಸತ್ರು. ಆಮ್ಯಾಲೆ ಹಡಗದಿಂದ ತೋಪು, ಮ್ಯಾಲಿಂದ ಇಮಾನ. ನಾವು ಆ ಊರು ಬಿಡೂಮುಂದ ಅದು ಊರಾಗಿ ಉಳದಿರಲಿಲ್ಲ."

ಯಾರೂ ನಗಲಿಲ್ಲ. ಬಾಗಿಲ ಬಳಿ ಹೆಡ್ ಮಾಸ್ತರರು ಬಂದು ನಿಂತಿದ್ದರು. ನಾನು ಲೈಬ್ರರಿಯಲ್ಲಿ ಅಷ್ಟೆಲ್ಲ ಓದಿದ್ದವಳು. ನಮಗೆ ಸ್ವಾತಂತ್ರ್ಯ ಬರುವ ಹೊಸ್ತಿಲಲ್ಲಿ, ಸ್ವಾತಂತ್ರ್ಯ ಕೇಳುತ್ತಿದ್ದ ಇನ್ನೊಬ್ಬರ ಮೇಲೆ ನಮ್ಮ ಅಬ್ಬಿಗೇರಿಯ ಕೈ ಗುಂಡು ಹಾರಿಸಿದೆ ಎಂಬುದು ಯಾವ ಪುಟದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಹೆಂಡತಿ ಹೆಂಗಸು ಅಂತ ತಿಳಕೊಂಡ್ಳು. ತಿಳಕೋಲಿ ಅಂತ ಬಿಟ್ಟೆ," ಎಂದರು ಅಜ್ಜ, ಈಗ ನನ್ನ ಕಡೆ ತಿರುಗಿ. "ಹೆಂಗಸಿನ ಸಲುವಾಗಿ ಬೈತಿದ್ದಳು, ಬೈದು ಉಣ್ಣಾಕ ನೀಡತಿದ್ದಳು. ಖರೇ ಹೇಳಿದ್ರ ನೀಡತಿದ್ದಳೋ ಇಲ್ಲೋ. ಊರಿಗೆ ಬಂದ ಮ್ಯಾಲೆ ಇಲ್ಲೆ ಸ್ವಾತಂತ್ರ್ಯ ಬಂತು. ಮಿಲ್ಟ್ರಿಯಾಂವ ಅದಾನ, ಝಂಡಾಕ್ಕ ಸಲಾಮ್ ಹೊಡೀಲಿ ಅಂತ ಮಂದಿ ಕರಿಯಾಕ ಬಂದ್ರು. ಜ್ವರಾ ಬಂದೈತಿ ಅಂತ ಹೇಳಿ ಹೊದ್ದು ಮಲಕೊಂಡೆ."

ಆಮೇಲೆ ಯಾರನ್ನೂ ನೋಡದೆ ಕೇಳಿದರು: "ಪಾಪ, ಆ ಮಂದಿ ಇನ್ನೂ ಅವರ ಕೈಕೆಳಗ ಅದಾರಲ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾರ್ರಿ ಅಜ್ಜಾರ?"

"ಜಾವಾದವ್ರು. ಡಚ್ಚರ ಕೈಕೆಳಗ."

ಇವರಿಗೆ ಗೊತ್ತೇ ಇರಲಿಲ್ಲ! ಇವರಿಗೆ ಓದು ಬರಹ ಬರುತ್ತಿರಲಿಲ್ಲ. ರೇಡಿಯೊದಲ್ಲಿ ಇಂಡೋನೇಷ್ಯಾ ಎಂಬ ಹೆಸರು ಎಷ್ಟು ಸಲ ಕೇಳಿದ್ದರೋ ಏನೋ, ಅದೇ ತಮ್ಮ ಜಾವಾ ಎಂದು ಇವರಿಗೆ ಹೇಳಿದವರಿರಲಿಲ್ಲ. ತಾವು ಸುಟ್ಟ ಊರು ಸುಟ್ಟಂತೆಯೇ ಉಳಿದಿದೆ, ತಾವು ತಡೆದ ಸ್ವರಾಜ್ಯ ಅಲ್ಲಿಗೇ ಸತ್ತಿದೆ ಎಂದುಕೊಂಡು ಈ ಮನುಷ್ಯ ಇಷ್ಟು ಕಾಲ ಬಿತ್ತಿ ಬೆಳೆದು, ಮಕ್ಕಳ ಮದುವೆ ಮಾಡಿ, ಮುಪ್ಪಾಗಿದ್ದರು.

ಉತ್ತರ ಕೊಟ್ಟವಳು ಕಸ್ತೂರಿ. "ಇಲ್ಲ ಯಜ್ಜಾ. ಅವರಿಗೂ ಸಿಕ್ತು."

"ಏನ ಸಿಕ್ತು?"

"ಸ್ವಾತಂತ್ರ್ಯ. ಡಚ್ಚರು ಬಿಟ್ಟು ಹೋದ್ರು. ನಮ್ಮ ಪುಸ್ತಕದಾಗ ಐತಿ."

"ಸುಳ್ಳ ಹೇಳಬ್ಯಾಡ," ಎಂದು ಅಜ್ಜ ಗದರಿದರು. "ನಾ ಕಣ್ಣಾರೆ ನೋಡೀನಿ. ಅಲ್ಲೆ ಏನೂ ಉಳದಿರಲಿಲ್ಲ."

ಕಸ್ತೂರಿ ಪುಸ್ತಕ ತೆರೆದು ಆ ಪರಿಚ್ಛೇದವನ್ನು ಓದಿದಳು. ಪರೀಕ್ಷೆಯಲ್ಲಿ ಎರಡು ಅಂಕಕ್ಕೂ ಬಾರದ ಆ ಸಾಲುಗಳನ್ನು ಅಷ್ಟು ಗಟ್ಟಿಯಾಗಿ ಯಾರೂ ಎಂದೂ ಓದಿರಲಿಕ್ಕಿಲ್ಲ. ಅಜ್ಜ ಹತ್ತಿರದ ಬೆಂಚು ಹಿಡಿದು ಕೂತರು. "ಇನ್ನೊಮ್ಮೆ ಓದವಾ," ಎಂದರು. ಅವಳು ಇನ್ನೊಮ್ಮೆ ಓದಿದಳು. ಅಜ್ಜ ನನ್ನ ಮುಖ ನೋಡಿದರು, ಹೆಡ್ ಮಾಸ್ತರರ ಮುಖ ನೋಡಿದರು. ಅವರು ಹೌದೆಂದು ತಲೆ ಆಡಿಸಿದರು.

"ಹಂಗಾರ," ಎಂದರು ಅಜ್ಜ ನಿಧಾನವಾಗಿ, "ನಾವು ಸೋತಂಗಾತಲ್ರಿ ಅಕ್ಕೋರ?"

ಒಬ್ಬ ಸಿಪಾಯಿಗೆ ಆ ಮಾತನ್ನು ಹೇಗೆ ಹೇಳುವುದು? ಆದರೂ ಹೇಳಿದೆ. "ಹೌದ್ರಿ ಅಜ್ಜಾರ. ಸೋತ್ರಿ."

ಅವರ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಚಲೋ ಆತು," ಎಂದರು. "ಭಾಳ ಚಲೋ ಆತು."

ಎದ್ದು ನಿಂತು ರುಮಾಲು ಸರಿಮಾಡಿಕೊಂಡರು. ಗಂಗವ್ವನಿಗೆ ಲಗೂ ಹೋಗಿ ಹೇಳಬೇಕು, ಅಬ್ಬಿಗೇರಿಗೆ ಬಸ್ಸು ಯಾವಾಗ ಐತಿ ಎಂದು ಮಕ್ಕಳನ್ನೇ ಕೇಳಿದರು. ಬಸ್ಸು ಇನ್ನೂ ತಡವಿತ್ತು. ಆದರೂ ನಿಲ್ಲಲಿಲ್ಲ. ನಾವೆಲ್ಲ ಕಿಟಕಿಗೆ ಬಂದು ನೋಡಿದೆವು. ಶಾಲೆಯ ಗೇಟು ದಾಟಿ, ಬಿಸಿಲಲ್ಲಿ, ಅಜ್ಜ ಊರಿನ ದಾರಿ ಹಿಡಿದು ನಡೆದೇ ಹೊರಟಿದ್ದರು.